ಒಂದು ಗೆರೆ ಅಳೆಯಿರಿ, ಎರಡು ಕೋನ ನೋಡಿ

ಎಲ್ಲರಿಗೂ ನಮಸ್ಕಾರ. ಗಣಿತ ದಿನದ ನೆಪದಲ್ಲಿ ತಾಲ್ಲೂಕಿನ ಇಷ್ಟು ಜನ ಗಣಿತ ಮೇಷ್ಟ್ರು, ಮೇಡಂಗಳು ಒಂದೇ ಕಡೆ ಸಿಕ್ಕಿದ್ದೀರಿ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಇವತ್ತು ಹೇಳಿಬಿಡುತ್ತೇನೆ.

ಈ ಲೆಕ್ಕ ನಿಮಗೆಲ್ಲ ಬಾಯಿಪಾಠ. ಒಬ್ಬ ಪೂರ್ವಕ್ಕೆ 3 ಕಿ.ಮೀ. ನಡೆದ, ಅಲ್ಲಿಂದ ಉತ್ತರಕ್ಕೆ 4 ಕಿ.ಮೀ. ನಡೆದ. ಹೊರಟ ಜಾಗದಿಂದ ಎಷ್ಟು ದೂರದಲ್ಲಿದ್ದಾನೆ? ಇಡೀ ಕ್ಲಾಸು ‘ಐದು ಸಾರ್’ ಅನ್ನುತ್ತದೆ. ನಾವು ಟಿಕ್ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಆದರೆ ಯಾವ ಕಡೆಗೆ ಐದು? ಅವನನ್ನು ಹುಡುಕಲು ಹೊರಟವರು ಯಾವ ದಾರಿ ಹಿಡಿಯಬೇಕು? ಟ್ಯಾನ್ ಬೆಲೆ, ಅಂದರೆ ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದ್ದು, 4/3. ಹಾಗಾದರೆ ಪೂರ್ವದಿಂದ ಉತ್ತರದ ಕಡೆಗೆ ಸುಮಾರು 53 ಡಿಗ್ರಿ. ದಿಕ್ಸೂಚಿ ಹಿಡಿದವರು ಉತ್ತರದಿಂದ ಎಣಿಸುತ್ತಾರೆ, ಅವರಿಗೆ ಅದು 37 ಡಿಗ್ರಿ. ಇಷ್ಟು ಹೇಳಿದರೆ ಮಾತ್ರ ಲೆಕ್ಕ ಮುಗಿಯಿತು. ದಿಕ್ಕಿಲ್ಲದ ದೂರ ಅರ್ಧ ಉತ್ತರ. ಪೂರ್ತಿ ಅಂಕ ಕೊಡಬೇಡಿ!

ದಿಕ್ಕು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಕಥೆಯೊಂದಿದೆ. ನಡೆದದ್ದು ಶ್ರೀರಂಗಪಟ್ಟಣದ ಹತ್ತಿರ, 1799ರಲ್ಲಿ. ಟಿಪ್ಪುವಿನ ಮೇಲೆ ಇಂಗ್ಲಿಷರ ಯುದ್ಧ ನಡೆಯುತ್ತಿತ್ತು. ರಾತ್ರಿ ಹೊತ್ತು ಜನರಲ್ ಬೇರ್ಡ್ ಒಂದು ಪಡೆ ಕರೆದುಕೊಂಡು ಹೊರಟಿದ್ದ. ಕಗ್ಗತ್ತಲು. ಪಡೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಅವನು ನಕ್ಷತ್ರ ನೋಡಿದ. ನಾವು ದಕ್ಷಿಣಕ್ಕೆ ಹೋಗಬೇಕಿತ್ತು, ಉತ್ತರಕ್ಕೆ ಹೋಗುತ್ತಿದ್ದೇವೆ, ಹೀಗೇ ಹೋದರೆ ನೇರ ಶತ್ರುವಿನ ಮಡಿಲಿಗೆ ಅಂದ. ನಕ್ಷತ್ರ ಕೇಳಿ ದಾರಿ ನಡೆಯುವ ಗತಿ ನನಗೆ ಬಂದಿಲ್ಲ ಅನ್ನುವ ಧಾಟಿಯಲ್ಲಿ ಜನರಲ್ ಮೊದಲು ತಳ್ಳಿಹಾಕಿದ. ಆಮೇಲೆ ಬೆಳಕು ಹೊತ್ತಿಸಿ ದಿಕ್ಸೂಚಿ ನೋಡಿದರು. ಲ್ಯಾಂಬ್ಟನ್ ಹೇಳಿದ್ದೇ ಸರಿ. ಪಡೆ ಹಿಂದಕ್ಕೆ ತಿರುಗಿತು.

ಅದೇ ಮನುಷ್ಯ ಮೂರು ವರ್ಷದ ನಂತರ, 1802ರ ಏಪ್ರಿಲ್‌ನಲ್ಲಿ, ಮದ್ರಾಸಿನ ಪರಂಗಿಮಲೆ ಹತ್ತಿರ ನೆಲದ ಮೇಲೆ ಒಂದು ಗೆರೆ ಅಳೆಯಲು ಕೂತ. ಹನ್ನೆರಡು ಕಿ.ಮೀ. ಉದ್ದದ ಗೆರೆ. 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ, ಆದ್ದರಿಂದ ಅದಕ್ಕೆ ನೆರಳು ಮಾಡಿ, ಉಷ್ಣಮಾಪಕ ಇಟ್ಟು, ಲೆಕ್ಕ ತಿದ್ದಿ ತಿದ್ದಿ ಅಳೆದರು. ಸುಮಾರು ಎರಡು ತಿಂಗಳು ಹಿಡಿಯಿತು. ಒಂದೇ ಗೆರೆಗೆ! ಯಾಕೆ ಗೊತ್ತಾ? ಮುಂದೆ ಅಷ್ಟೊಂದು ಅಳೆಯಬೇಕಾಗಿಲ್ಲ. ಗೆರೆಯ ಎರಡು ತುದಿಯಿಂದ ದೂರದ ಗುಡ್ಡ ನೋಡಿ, ಎರಡು ಕೋನ ಬರೆದುಕೊಳ್ಳಿ. ಗೆರೆ 12 ಕಿ.ಮೀ., ಕೋನಗಳು 60 ಮತ್ತು 75 ಅಂದುಕೊಳ್ಳಿ. ಮೂರನೆಯದು 45. ತ್ರಿಭುಜದ ಬಾಹುಗಳು ಎದುರು ಕೋನಗಳ ಸೈನ್ ಬೆಲೆಯ ಪ್ರಮಾಣದಲ್ಲಿರುತ್ತವೆ ಅನ್ನುವ ಸೈನ್ ನಿಯಮ ಹಾಕಿದರೆ 60ರ ಎದುರಿನ ಬಾಹು 14.7 ಕಿ.ಮೀ. ಗುಡ್ಡ ಹತ್ತುವ ಮೊದಲೇ ದೂರ ಗೊತ್ತಾಯಿತು. ಆ ಬಾಹುವೇ ಮುಂದಿನ ತ್ರಿಭುಜಕ್ಕೆ ಗೆರೆ. ಹೀಗೆ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ ನಮ್ಮ ಬೆಂಗಳೂರಿನ ಕಡೆ ಬಂದರು. ಅಲ್ಲಿ 1804ರಲ್ಲಿ ಇನ್ನೊಂದು ಗೆರೆಯನ್ನು ನಿಜವಾಗಿ ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ! ಮುಂದೆ ಮಂಗಳೂರು ಮುಟ್ಟಿದಾಗ, ಮದ್ರಾಸಿನಿಂದ ಅಲ್ಲಿಗೆ ಸುಮಾರು 360 ಮೈಲಿ ಅಂತ ಸಿಕ್ಕಿತು. ಹಳೆಯ ನಕ್ಷೆಗಳಲ್ಲಿ 400 ಇತ್ತು. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು ನೋಡಿ.

ಇಷ್ಟೆಲ್ಲ ಹತ್ತನೇ ತರಗತಿಯ ಸಾಮಾನಿನಲ್ಲೇ ಆಗುತ್ತದೆ. ನನ್ನ ಮಕ್ಕಳ ಜೊತೆ ನಾನು ಮಾಡಿದ್ದನ್ನು ಹೇಳುತ್ತೇನೆ. ಪ್ಲೈವುಡ್ ಹಲಗೆಯ ಮೇಲೆ ದೊಡ್ಡ ಕೋನಮಾಪಕ ಬರೆದೆವು. ನಡುವೆ ಮೊಳೆ, ಮೊಳೆಗೆ ತಿರುಗುವ ಸ್ಟ್ರಾ. ಊರ ಕೆರೆ ಏರಿಯ ಮೇಲೆ 100 ಮೀಟರ್ ಅಂತರಕ್ಕೆ ಎರಡು ಗೂಟ ನೆಟ್ಟೆವು. ಎದುರು ದಡದಲ್ಲಿ ಒಂದು ಹುಣಸೆ ಮರ. ಒಂದು ಗೂಟದಿಂದ ಮರ ನೇರ 90 ಡಿಗ್ರಿಗೆ ಕಾಣುತ್ತಿತ್ತು, ಇನ್ನೊಂದರಿಂದ 62ಕ್ಕೆ. ಮೊದಲ ಗೂಟದಿಂದ ಮರಕ್ಕೆ ದೂರ 100 ಗುಣಿಸು ಟ್ಯಾನ್ 62, ಅಂದರೆ 188 ಮೀಟರ್. ಏರಿ ಮೇಲೆ ದನ ಮೇಯಿಸುತ್ತಿದ್ದ ಅಜ್ಜ ಎಲ್ಲ ನೋಡಿ, ‘ನೀರಿಗೆ ಕಾಲಿಡದೆ ಕೆರೆ ಅಳೆದ್ರೇನ್ರಪ್ಪಾ’ ಅಂದ. ಮಕ್ಕಳು ಹಿಗ್ಗಿಹೋದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಬೇಸಿಗೆ ಕೆರೆ ಬತ್ತಿತು. ಪರೀಕ್ಷೆ ಮುಗಿದಿತ್ತು, ನಾನು ಹೇಳಿರಲೂ ಇಲ್ಲ. ನಾಲ್ಕು ಮಕ್ಕಳು ಶಾಲೆಯ ಟೇಪು ಕೇಳಿಕೊಂಡು ಬಂದರು. ಒಣಗಿದ ಕೆರೆಯಲ್ಲಿ ಆ ಮೊದಲ ಗೂಟದ ಜಾಗದಿಂದ ಹುಣಸೆ ಮರದವರೆಗೆ ಅಳೆದುಕೊಂಡು ಹೋದರು. 191 ಮೀಟರ್. ಒಬ್ಬ ಹುಡುಗಿ ಅಲ್ಲೇ ಕೂತು ಲೆಕ್ಕ ಹಾಕಿದಳು. ಕೋನ ಅರ್ಧ ಡಿಗ್ರಿ ಜಾಸ್ತಿ, 62.5 ಆಗಿದ್ದರೆ ಉತ್ತರ 192 ಬರುತ್ತಿತ್ತು ಸಾರ್ ಅಂದಳು. ತಪ್ಪು ಎಲ್ಲಿಂದ ಬಂತು ಅಂತ ಅವಳೇ ಕಂಡುಹಿಡಿದಳು! ಇದನ್ನು ಯಾವ ಪರೀಕ್ಷೆ ಕಲಿಸುತ್ತದೆ ಹೇಳಿ.

ಚೀಟಿ ಬಂತು. ಐದು ನಿಮಿಷವಂತೆ. ಸರಿ, ಕಾಪು ದೀಪಸ್ತಂಭದ ಲೆಕ್ಕವೊಂದು ಹೇಳಲೇಬೇಕು, ಕರಾವಳಿಯವರು ಇಲ್ಲಿದ್ದೀರಿ. ದೋಣಿ ಕರೆಯುದ್ದಕ್ಕೆ ನೇರ ಉತ್ತರಕ್ಕೆ ಹೋಗುತ್ತಿದೆ. 1901ರ ಆ ದೀಪಸ್ತಂಭ ಬಲಗಡೆ ಮುಂದೆ 45 ಡಿಗ್ರಿಗೆ ಕಂಡಿತು. ಅಲ್ಲಿಂದ 4 ಕಿ.ಮೀ. ಹೋದ ಮೇಲೆ ಸರಿಯಾಗಿ ಬಲಕ್ಕೆ, 90ಕ್ಕೆ ಬಂತು. ಹಾಗಾದರೆ ದೀಪಸ್ತಂಭ ಈಗ 4 ಕಿ.ಮೀ. ದೂರ. ಟ್ಯಾನ್ 45 ಒಂದು, ಅಷ್ಟೇ! ಪುಸ್ತಕದ ಕೋಷ್ಟಕವೂ ಬೇಡ. ಕೋನ 30 ಇದ್ದದ್ದು 60 ಆದಾಗಲೂ ಹೀಗೇ, ಸಾಗಿದ ದೂರವೇ ದೀಪಸ್ತಂಭಕ್ಕಿರುವ ದೂರ. ಯಾಕೆ ಅಂತ ಮಕ್ಕಳಿಗೆ ಕೇಳಿ, ಸಮದ್ವಿಬಾಹು ತ್ರಿಭುಜ ಅವರಿಗೇ ಕಾಣುತ್ತದೆ.

ಸೈನ್ ಅನ್ನುವ ಹೆಸರಿನ ಹಿಂದೆ ಆರ್ಯಭಟನ ಜ್ಯಾ ಇದೆ, ಜ್ಯಾ ಅಂದರೆ ಬಿಲ್ಲಿನ ಹೆದೆ. ಅದನ್ನು ವಿವರವಾಗಿ ಹೇಳಬೇಕೆಂದಿದ್ದೆ, ಹೊತ್ತಿಲ್ಲ. ಒಂದು ಡಿಗ್ರಿ ತಪ್ಪಿದರೆ 60 ಕಿ.ಮೀ.ಗೆ ಸುಮಾರು 1 ಕಿ.ಮೀ. ಪಕ್ಕಕ್ಕೆ ಹೋಗುತ್ತೀರಿ, ಇದನ್ನಾದರೂ ಬರೆದುಕೊಳ್ಳಿ.

ಪ್ಲೈವುಡ್ ಹಲಗೆ ತಂದಿದ್ದೇನೆ, ಬಾಗಿಲ ಹತ್ತಿರ ಇದೆ. ಹೊರಗೆ ನೀರಿನ ಟ್ಯಾಂಕೂ ಇದೆ. ಊಟಕ್ಕೆ ಇನ್ನೂ ಕಾಲು ಗಂಟೆ ಇದೆ, ಬರುವವರು ಬನ್ನಿ. ಉತ್ತರ ಹೇಳುವಾಗ ಟ್ಯಾಂಕು ಎಷ್ಟು ದೂರ ಅಂತಷ್ಟೇ ಅಲ್ಲ, ಯಾವ ದಿಕ್ಕಿಗೆ ಅಂತಲೂ ಹೇಳಬೇಕು.