ಕಗ್ಗ ಒಬ್ಬರೇ ಬೆಳೆಯುವ ಭತ್ತ ಅಲ್ಲ

ಎಲ್ಲರಿಗೂ ನಮಸ್ಕಾರ. ಘಟ್ಟದ ಕೆಳಗಿನವನನ್ನು ಶಿರಸಿಗೆ ಕರೆಸಿ, ಕೃಷಿ ಜೀವವೈವಿಧ್ಯ ಮತ್ತು ಹಳ್ಳಿಯ ಊಟದ ಬಗ್ಗೆ ಮಾತಾಡಿ ಅಂದಿದ್ದೀರಿ. ವಿಷಯದ ಹೆಸರು ಸ್ವಲ್ಪ ಭಾರ. ಹಾಗಾಗಿ ನಮ್ಮ ಗಂಜಿಯ ಅಕ್ಕಿ ಬೆಳೆಯುವ ಗದ್ದೆಯಿಂದಲೇ ಶುರು ಮಾಡುತ್ತೇನೆ.

ನಿಮ್ಮ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ನಮ್ಮ ಕುಮಟಾ ಕಡೆ ಬಂದು ಸಮುದ್ರ ಸೇರುತ್ತದೆ. ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ, ಇಳಿತಕ್ಕೆ ವಾಪಸ್ ಹೋಗುತ್ತದೆ. ಆ ಅಂಚಿನ ತಗ್ಗು ಗದ್ದೆಗಳೇ ಗಜನಿ. ಅಲ್ಲಿ ಬೇರೆ ಭತ್ತ ಹಾಕಿದರೆ ಸುಟ್ಟು ಹೋಗುತ್ತದೆ. ಕಗ್ಗ ಅನ್ನುವ ನಮ್ಮ ಭತ್ತದ ತಳಿ ಮಾತ್ರ ನಿಲ್ಲುತ್ತದೆ. ಉಪ್ಪು ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ, ಔಷಧಿ ಏನೂ ಬೇಡ.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಜನಿಯ ಸುತ್ತ ಕಟ್ಟೆ, ಕಟ್ಟೆಯಲ್ಲಿ ಹಲಗೆ ಬಾಗಿಲು. ಅದಕ್ಕೆ ಜಂತ್ರಡಿ ಅನ್ನುತ್ತೇವೆ. ಜೂನ್ ಮಳೆ ಸುರಿದಾಗ ಘಟ್ಟದ ಸಿಹಿನೀರು ಬಂದು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಇಳಿತದ ಹೊತ್ತಿಗೆ ಹಲಗೆ ಎತ್ತಿ ಆ ನೀರು ಬಿಡಬೇಕು, ಉಬ್ಬರ ಏರುವ ಮೊದಲು ಹಲಗೆ ಹಾಕಬೇಕು. ಗಡಿಯಾರ ನೋಡಿ ಮಾಡುವ ಕೆಲಸ ಅಲ್ಲ, ಹುಣ್ಣಿಮೆ ಅಮಾವಾಸ್ಯೆ ನೋಡಿ ಮಾಡುವುದು. ಉಪ್ಪು ಇಳಿದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಮಳೆಗಾಲ ಮುಗಿಯುವಾಗ ತೆನೆಯಷ್ಟೇ ಕೊಯ್ಯುತ್ತಾರೆ. ಹುಲ್ಲು ಗದ್ದೆಯಲ್ಲೇ ಕೊಳೆಯಲಿ ಅಂತ ಬಿಡುತ್ತಾರೆ.

ಆಮೇಲೆ ಬಾಗಿಲು ತಿರುವುಮುರುವು. ಉಬ್ಬರದ ನೀರನ್ನು ಒಳಗೆ ಬಿಡುವುದು. ಅದರ ಜೊತೆ ಸಿಗಡಿ ಮರಿ, ಮೀನು ಮರಿ ತಾವಾಗಿಯೇ ಬರುತ್ತವೆ. ಕೊಳೆತ ಹುಲ್ಲಿನಲ್ಲಿ ಅವುಗಳಿಗೆ ಬೇಕಾದ ಮೇವು ಸಿಗುತ್ತದೆ. ಇಳಿತಕ್ಕೆ ಬಾಗಿಲಲ್ಲಿ ಬಲೆ ಕಟ್ಟಿದರೆ ಶೆಟ್ಲಿ ಅಂದರೆ ಸಿಗಡಿ, ನೊಗಲಿ ಮೀನು, ಏಡಿ. ಪಕ್ಕದ ಹೊಳೆಯಲ್ಲಿ ಹೆಂಗಸರು ಬಳಚು ಅನ್ನುವ ಚಿಪ್ಪುಮೀನು ಆಯುತ್ತಾರೆ. ಅಂದರೆ ಒಂದೇ ಗದ್ದೆ, ಮಳೆಗಾಲದಲ್ಲಿ ಕೆಂಪಕ್ಕಿ, ಬೇಸಿಗೆಯಲ್ಲಿ ಪಲ್ಯಕ್ಕೆ ಸಾರಿಗೆ ಮೀನು.

ಈಗ ಲೆಕ್ಕದ ಮಾತು. ಎಕರೆಗೆ ಎಷ್ಟು ಕ್ವಿಂಟಲ್ ಅಂತ ಕೇಳಿದರೆ ಕಗ್ಗ ಸೋಲುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಾಗದದ ಮೇಲೆ ಭತ್ತ ಮಾತ್ರ ಬರುತ್ತದೆ. ಮೀನು ಬರುವುದಿಲ್ಲ, ಬಳಚು ಬರುವುದಿಲ್ಲ, ಅಂಗಡಿಗೆ ಕೊಡದೆ ಉಳಿದ ಗೊಬ್ಬರದ ದುಡ್ಡೂ ಬರುವುದಿಲ್ಲ. ರೇಷನ್ ಅಕ್ಕಿ ಬೇಡ ಅಂತ ನಾನು ಹೇಳಲಾರೆ. ಅದು ಎಷ್ಟೋ ಮನೆಯಲ್ಲಿ ಒಲೆ ಉರಿಸಿದೆ. ಆದರೆ ಅನ್ನದ ಜೊತೆಗೆ ಏನು? ಬೆಳೆಯುವ ಮಗುವಿಗೆ, ಬಸುರಿಗೆ ಬೇಕಾದದ್ದು ಆ ಜೊತೆಗಿರುವುದರಲ್ಲೇ ಇರುತ್ತದೆ ಅಲ್ವಾ?

ಹಾಗಾದರೆ ಕಗ್ಗ ಯಾಕೆ ಕಡಿಮೆಯಾಯಿತು? ಬೀಜ ಕೆಟ್ಟಿದ್ದರಿಂದ ಅಲ್ಲ. 80–90ರ ದಶಕದಲ್ಲಿ ಸಿಗಡಿಗೆ ಒಳ್ಳೆ ರೇಟು ಬಂತು. ಗಜನಿಗಳು ಗುತ್ತಿಗೆಗೆ ಹೋದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. 90ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಸತ್ತಿತು. ಅಷ್ಟರಲ್ಲಿ ಕಟ್ಟೆಗಳು ಜರಿದಿದ್ದವು, ಬಾಗಿಲು ಯಾವಾಗ ತೆಗೆಯಬೇಕು, ಹಾಕಬೇಕು ಅಂತ ಊರಿನವರ ನಡುವೆ ಇದ್ದ ಒಪ್ಪಂದವೂ ಹೋಗಿತ್ತು. ಗಜನಿಯಲ್ಲಿ ಒಬ್ಬ ಮಾತ್ರ ಕಗ್ಗ ಬೆಳೆಯುತ್ತೇನೆ ಅಂದರೆ ಆಗುವುದಿಲ್ಲ. ಕಟ್ಟೆ ಒಂದೇ, ಬಾಗಿಲು ಒಂದೇ. ಪಕ್ಕದವರಿಗೆ ಉಪ್ಪುನೀರು ಬೇಕು, ಇವನಿಗೆ ಸಿಹಿನೀರು ಬೇಕು ಅಂದರೆ ಹೇಗೆ? ನಮ್ಮ ಕಡೆಯ ಮಾಣಿಕಟ್ಟಾದಂಥ ಊರಲ್ಲಿ ಕಗ್ಗ ಉಳಿದಿದ್ದರೆ, ಅದು ಊರಿನವರು ಕೂತು ಮಾತಾಡಿಕೊಂಡು ಬಾಗಿಲು ನೋಡಿಕೊಂಡಿದ್ದರಿಂದ.

ಹಳೆ ತಳಿಗಳ ಬೀಜ ಕೂಡಿಡುವ ಬೀಜ ಬ್ಯಾಂಕ್ ಬೇಡವೇ ಅಂತ ಕೇಳಬಹುದು. ಖಂಡಿತ ಬೇಕು. 1970ರ ಸುಮಾರಿಗೆ ಏಷ್ಯಾದ ಭತ್ತಕ್ಕೆ ಒಂದು ವೈರಸ್ ರೋಗ ಬಂದು ಗಿಡಗಳೆಲ್ಲ ಕುಳ್ಳಾಗಿ ಹುಲ್ಲಿನಂತಾದವು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾವಿರಾರು ತಳಿ ಪರೀಕ್ಷಿಸಿದರು. ತಡೆಯುವ ಶಕ್ತಿ ಸಿಕ್ಕಿದ್ದು ಉತ್ತರ ಪ್ರದೇಶದಿಂದ ತಂದಿಟ್ಟಿದ್ದ ಒಂದು ಕಾಡುಭತ್ತದಲ್ಲಿ. ಕಗ್ಗದ ನೆಂಟನಂತಿರುವ ಕೇರಳದ ಪೊಕ್ಕಾಳಿಯಿಂದ ಉಪ್ಪು ತಡೆಯುವ ಗುಣವನ್ನು ಎಷ್ಟೋ ಹೊಸ ತಳಿಗಳಿಗೆ ಸೇರಿಸಿದ್ದಾರೆ. ಆದರೆ ಬ್ಯಾಂಕಿನ ಬಾಟಲಿಯಲ್ಲಿರುವುದು ಬೀಜ ಮಾತ್ರ. ಕಟ್ಟೆ, ಮೀನು, ಊರಿನ ಮಾತುಕತೆ ಯಾವ ಬ್ಯಾಂಕಿನಲ್ಲೂ ಇರುವುದಿಲ್ಲ.

ಜೋಯಿಡಾದ ಕುಣಬಿ ಸಮುದಾಯದವರನ್ನೂ ನೆನೆಯಬೇಕು. ಅವರ ಗೆಡ್ಡೆ ಗೆಣಸಿನ ಮೇಳ ನೋಡದವರು ಒಮ್ಮೆ ನೋಡಿ. ಮುಡ್ಲಿ ಅನ್ನುವ ಕೆಸುವಿನ ಜಾತಿಯ ಗೆಡ್ಡೆ ಇದೆ, ಎರಡು ಕೈಯಲ್ಲಿ ಹಿಡಿಯಬೇಕು, ಅಷ್ಟು ದೊಡ್ಡದು. ಭತ್ತ ಕೈಕೊಟ್ಟ ವರ್ಷ ಬೇಕಾದಾಗ ಅಗೆದು ತಿನ್ನಬಹುದು. ಕಣಜ, ಗೋದಾಮು ಏನೂ ಬೇಕಾಗಿಲ್ಲ.

ಇನ್ನು ನಿಮ್ಮ ಶಿರಸಿ. ನೀವು ಬೇಜಾರು ಮಾಡಿಕೊಳ್ಳಬಾರದು. ಅಡಿಕೆಗೆ ರೇಟಿದೆ, ಆದರೆ ಅಡಿಕೆಯಿಂದ ಹೊಟ್ಟೆ ತುಂಬುವುದಿಲ್ಲ. ಎಷ್ಟೋ ಭತ್ತದ ಗದ್ದೆಗೆ ಅಡಿಕೆ ಸಸಿ ನೆಟ್ಟಾಗಿದೆ. ಈಗ ಎಲೆಚುಕ್ಕೆ ರೋಗ ಬಂದಾಗ ತೋಟದ ಜೊತೆ ಅಡುಗೆಮನೆಯೂ ಹೆದರುತ್ತದೆ. ನಿಮ್ಮ ಹಿತ್ತಲು ಇನ್ನೂ ಗಟ್ಟಿ ಇದೆ ಅನ್ನುವುದೇ ಸಮಾಧಾನ. ಒಂದೆಲಗದ ತಂಬುಳಿ, ಕೆಸುವಿನ ಕರಕಲಿ, ಬಾಳೆದಿಂಡು, ಬಸಳೆ. ತಿಂಡಿ ಪಟ್ಟಿ ಓದುತ್ತಿಲ್ಲ, ಇವೆಲ್ಲ ದುಡ್ಡು ಕೊಡದೆ ಸಿಗುವ ಊಟ. ಇದನ್ನು ಉಳಿಸಿದ್ದು ಹೆಂಗಸರು. ಶಿರಸಿಯ ವನಸ್ತ್ರೀ ಬಳಗದವರು ಸೌತೆ, ಅವರೆ, ಬದನೆ ಬೀಜ ಹಂಚಿಕೊಳ್ಳುವುದನ್ನು ನೀವೇ ನೋಡಿದ್ದೀರಿ. ಹಿತ್ತಲಿಗೆ ಸಬ್ಸಿಡಿ ಯಾರೂ ಕೊಡಲಿಲ್ಲ, ಬಹುಶಃ ಅದಕ್ಕೇ ಅದು ಉಳಿಯಿತು!

ನನ್ನ ಬೇಡಿಕೆ ಸಣ್ಣದು. ಕಗ್ಗದ ಬೀಜ ಕೊಡಿ ಅಂತ ಕೆಲವರು ಆಗಲೇ ಕೇಳಿದಿರಿ. ಬೀಜ ತಂದಿಲ್ಲ, ಸಿಹಿನೀರಿನ ಗದ್ದೆಗೆ ನಿಮ್ಮದೇ ತಳಿಗಳಿವೆ. ಹೊರಗೆ ಮೇಜಿನ ಮೇಲೆ ಅಕ್ಕಿ ಇಟ್ಟಿದ್ದೇವೆ. ಕೊಂಡು ತಿನ್ನುವವರಿದ್ದರೆ ಮುಂದಿನ ಮಳೆಗೆ ನಾಲ್ಕು ಮನೆಯವರು ಹೆಚ್ಚಾಗಿ ಕಟ್ಟೆ ಕೆಲಸಕ್ಕೆ ಬರುತ್ತಾರೆ. ಗಂಜಿಗೆ ಚೆನ್ನಾಗಿರುತ್ತದೆ, ರಾತ್ರಿ ನೆನೆಹಾಕಿ, ಜಾಸ್ತಿ ಹೊತ್ತು ಬೇಯಿಸಿ. ಪ್ರಶ್ನೆ ಇದ್ದರೆ ಈಗ ಕೇಳಿ.