ಅಡವಿಟ್ಟ ವಿಶ್ವಕಪ್

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ವಿಶ್ವಕಪ್ ಶುರುವಾದದ್ದು 1930ರಲ್ಲಿ, ಉರುಗ್ವೆಯಲ್ಲಿ. ಅದಕ್ಕೂ 21 ವರ್ಷ ಮೊದಲೇ ವಿಶ್ವಕಪ್ ಗೆದ್ದವರು ನಾವು ಅಂತ ಹೇಳಿಕೊಳ್ಳುವ ಹಳ್ಳಿಯೊಂದು ಇಂಗ್ಲೆಂಡಿನಲ್ಲಿದೆ. ಹೆಸರು ವೆಸ್ಟ್ ಆಕ್ಲೆಂಡ್. ಉತ್ತರದ ಡರಂ ಸೀಮೆಯ ಕಲ್ಲಿದ್ದಲು ಗಣಿಗಳ ಊರು. ಇವತ್ತು ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಥೆ ಹೇಳುತ್ತೇನೆ.

ಕ್ಲಬ್ಬಿನ ಆಟಗಾರರಲ್ಲಿ ಹೆಚ್ಚಿನವರು ಗಣಿ ಕೆಲಸಗಾರರು. ಎಲ್ಲರೂ ಹವ್ಯಾಸಿಗಳು, ಅಂದರೆ ಆಡಿದ್ದಕ್ಕೆ ಸಂಬಳ ಇಲ್ಲ. ಆಡಲು ಹೋಗಿ ಕೆಲಸ ತಪ್ಪಿಸಿಕೊಂಡರೆ ಆ ದಿನದ ಕೂಲಿಗೂ ಕತ್ತರಿ.

ಇಂಥವರಿಗೆ 1909ರಲ್ಲಿ ಇಟಲಿಯಿಂದ ಕರೆ ಬಂತು. ಕಪ್ ಕೊಟ್ಟವರು ಸರ್ ಥಾಮಸ್ ಲಿಪ್ಟನ್. ನಮ್ಮ ಮನೆಗಳಿಗೂ ಬರುವ ಲಿಪ್ಟನ್ ಟೀ ಪುಡಿ ಇದೆಯಲ್ಲ, ಅದೇ ಲಿಪ್ಟನ್. ಟ್ಯೂರಿನ್ ನಗರದಲ್ಲಿ ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಹೀಗೆ ನಾಲ್ಕು ದೇಶಗಳ ತಂಡಗಳ ಪಂದ್ಯಾವಳಿ. ತಂಡ ಕಳಿಸಲು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ಕೊನೆಗೆ ಹೊರಟದ್ದು ವೆಸ್ಟ್ ಆಕ್ಲೆಂಡ್!

ಇವರನ್ನೇ ಯಾಕೆ ಕರೆದರು? ಇದಕ್ಕೊಂದು ತಮಾಷೆಯ ಕಥೆ ಇದೆ. ಕರೆಯಬೇಕಾಗಿದ್ದದ್ದು ವೂಲ್‌ವಿಚ್ ಆರ್ಸೆನಲ್ ತಂಡವನ್ನಂತೆ, ಅಂದರೆ ಇವತ್ತಿನ ಹೆಸರಾಂತ ಆರ್ಸೆನಲ್ ಕ್ಲಬ್ಬನ್ನು. ಇಂಗ್ಲಿಷಿನಲ್ಲಿ ಎರಡರ ಮೊದಲಕ್ಷರಗಳೂ ಒಂದೇ, ಡಬ್ಲ್ಯೂ ಮತ್ತು ಎ, ಆದ್ದರಿಂದ ಕಾಗದ ತಪ್ಪಿ ಹಳ್ಳಿಗೆ ಹೋಯಿತಂತೆ. ನನಗೇನೋ ಇದು ಆಮೇಲೆ ಕಟ್ಟಿದ ಕಥೆ ಅಂತಲೇ ಅನಿಸುತ್ತದೆ. ಇರಲಿ, ಕಾಗದ ತಪ್ಪಿಯೇ ಬಂದಿರಬಹುದು. ಗೆದ್ದದ್ದು ತಪ್ಪಿ ಅಲ್ಲವಲ್ಲ! ಈಸ್ಟರ್ ರಜೆಯಲ್ಲಿ ಆಡಿದ ಆ ಪಂದ್ಯಾವಳಿಯಲ್ಲಿ ಅವರು ಮೊದಲು ಜರ್ಮನಿಯ ಸ್ಟುಟ್‌ಗಾರ್ಟ್ ತಂಡವನ್ನು 2-0ಯಿಂದ ಸೋಲಿಸಿದರು. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ತಂಡಕ್ಕೂ ಅದೇ 2-0.

ಕಪ್ ಉಳಿಸಿಕೊಳ್ಳಲು 1911ರಲ್ಲಿ ಮತ್ತೆ ಟ್ಯೂರಿನ್‌ಗೆ ಹೋದರು. ಈ ಸಲ ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯುವೆಂಟಸ್. ಇವತ್ತು ಯುವೆಂಟಸ್ ಅಂದರೆ ಕೋಟಿಗಟ್ಟಲೆ ದುಡ್ಡಿನ ಕ್ಲಬ್. ಅವತ್ತು ಗಣಿ ಹುಡುಗರು ಅವರ ಊರಿನಲ್ಲೇ ಅವರನ್ನು 6-1ರಿಂದ ಸೋಲಿಸಿದರು. ಎರಡು ಸಲ ಸತತವಾಗಿ ಗೆದ್ದದ್ದಕ್ಕೆ ಕಪ್ ಶಾಶ್ವತವಾಗಿ ಇವರದಾಯಿತು.

ನಾಲ್ಕು ತಂಡಗಳ ಪಂದ್ಯಾವಳಿಯನ್ನು ವಿಶ್ವಕಪ್ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು ಬಿಡಿ. ಆದರೆ ಆ ಗೆಲುವಿಗೆ ಕ್ಲಬ್ ತೆತ್ತ ಬೆಲೆ ಕೇಳಿದ ಮೇಲೆ ಅವರ ಜೊತೆ ಜಗಳಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ಇಟಲಿಗೆ ಹೋಗಿ ಬರುವ ಖರ್ಚು ಅಂದರೆ ಹಳ್ಳಿಯ ಕ್ಲಬ್ಬಿಗೆ ಸಣ್ಣ ಮಾತಲ್ಲ. ಗೆದ್ದು ಬಂದವರ ತಲೆಯ ಮೇಲೆ ಸಾಲ ಕೂತಿತ್ತು. ಕ್ಲಬ್ಬಿನ ಹತ್ತಿರ ಬೆಲೆಬಾಳುವ ವಸ್ತು ಅಂತ ಇದ್ದದ್ದು ಒಂದೇ, ಆ ಕಪ್. ಸರಿ, ಅದನ್ನೇ ಊರಿನ ವೀಟ್‌ಶೀಫ್ ಹೋಟೆಲಿನ ಒಡತಿಯ ಹತ್ತಿರ 40 ಪೌಂಡಿಗೆ ಅಡವಿಟ್ಟರು. ಯುವೆಂಟಸ್ ಅನ್ನು ಸೋಲಿಸಿದ ಕಪ್ಪಿನ ಗತಿ ನೋಡಿ! ಬಿಡಿಸಿಕೊಳ್ಳಲು ಹತ್ತಿರ ಹತ್ತಿರ ಐವತ್ತು ವರ್ಷ ಬೇಕಾಯಿತು. 1960ರಲ್ಲಿ ಊರವರೆಲ್ಲ ಚಂದಾ ಎತ್ತಿ 100 ಪೌಂಡ್ ಕೊಟ್ಟು ಅದನ್ನು ಮರಳಿ ತಂದರು. ಅಷ್ಟರಲ್ಲಿ ಎರಡು ಮಹಾಯುದ್ಧಗಳು ಮುಗಿದಿದ್ದವು.

ಅಷ್ಟು ಕಷ್ಟಪಟ್ಟು ತಂದದ್ದು ಕೈಯಲ್ಲಿ ಉಳಿಯಿತಾ? ಇಲ್ಲ. 1994ರಲ್ಲಿ ಊರಿನ ಕಾರ್ಮಿಕರ ಕ್ಲಬ್ಬಿನಿಂದ ಯಾರೋ ಕದ್ದರು. ಅಸಲಿ ಕಪ್ ಸಿಗಲೇ ಇಲ್ಲ. ಈಗಿರುವುದು ಅದರಂತೆಯೇ ಮಾಡಿಸಿದ ಇನ್ನೊಂದು. ಆ ಗೆಲುವಿನ ನೆನಪಿಗೆ 2013ರಲ್ಲಿ ಊರ ನಡುವಿನ ಹುಲ್ಲುಗಾವಲಿನಲ್ಲಿ ಒಂದು ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ಕ್ಲಬ್ ಮಾತ್ರ ಇನ್ನೂ ಆಡುತ್ತಲೇ ಇದೆ. ಅವರು ಆಡುವ ನಾರ್ದರ್ನ್ ಲೀಗ್ 1889ರಲ್ಲಿ ಶುರುವಾದದ್ದು. ಕಪ್ ಮರಳಿ ಬಂದ ಮರುವರ್ಷವೇ, 1961ರಲ್ಲಿ, ಹವ್ಯಾಸಿ ಕಪ್ಪಿನ ಫೈನಲ್‌ಗೆ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಹೋದರು. ವಾಲ್ತಮ್‌ಸ್ಟೋ ಅವೆನ್ಯೂ ಎದುರು 2-1ರಿಂದ ಸೋತರು. ಮುಂದೆ 2012ರಲ್ಲಿ ಮತ್ತು 2014ರಲ್ಲಿ ಸಣ್ಣ ಕ್ಲಬ್‌ಗಳ ಎಫ್‌ಎ ವಾಸ್ ಫೈನಲ್, ಮತ್ತೆ ವೆಂಬ್ಲಿಯಲ್ಲೇ. ಟ್ಯೂರಿನ್‌ಗೆ ಹೋದ ಎರಡೂ ಸಲ ಕಪ್ ಗೆದ್ದು ತಂದವರು, ತಮ್ಮದೇ ದೇಶದ ವೆಂಬ್ಲಿಯಿಂದ ಮೂರೂ ಸಲ ಬರಿಗೈಯಲ್ಲಿ ಬಂದರು.

ನಮಸ್ಕಾರ.