ಬೋಟು ಮಾರಿದಿರಿ, ಹೆಸರು ಬದಲಾಯಿತಾ?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ನನ್ನ ಮಾತು ಎಲ್ಲರಿಗೂ ಅಂತ ಅಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಕೋಯಿಪ್ಪಾಡಿ, ಮೊಗ್ರಾಲ್, ಹೀಗೆ ನಮ್ಮ ಕಾಸರಗೋಡಿನ ಕಡಲ ಬದಿಯಲ್ಲಿ ಒಂದು ಹಳೆ ಬೋಟು ಇಟ್ಟುಕೊಂಡು, ಇದನ್ನು ಮಾರಿಬಿಡೋಣ ಎಂದು ಯೋಚನೆ ಮಾಡುತ್ತಿರುವವರಿಗೆ. ಮಗ ಗಲ್ಫಿಗೆ ಹೋಗಿರಬಹುದು. ನಿಮಗೆ ಸೊಂಟನೋವು ಶುರುವಾಗಿರಬಹುದು. ದೊಡ್ಡ ಬೋಟಿನ ಮೇಲೆ ಮನಸ್ಸು ಹೋಗಿರಲೂಬಹುದು. ಕಾರಣ ಏನೇ ಇರಲಿ, ಮಾರಬೇಕು. ಮಾರಬೇಕು ಅಂದರೆ ನಾವು ಮೊದಲು ಮಾಡುವ ಕೆಲಸ ಯಾವುದು? ದಲ್ಲಾಳಿಗೆ ಫೋನ್.

ಅದು ತಪ್ಪಲ್ಲ. ದಲ್ಲಾಳಿ ಬೇಕು. ಮಲ್ಪೆಯಲ್ಲಿ ಯಾರಿಗೆ ಬೋಟು ಬೇಕು, ಚೆರುವತ್ತೂರಿನ ಮಡಕ್ಕರದಲ್ಲಿ ಯಾರ ಕೈಯಲ್ಲಿ ಹಣ ಉಂಟು, ಮಂಗಳೂರು ಧಕ್ಕೆಯಲ್ಲಿ ಯಾರು ಎಂಜಿನ್ ಹುಡುಕುತ್ತಿದ್ದಾರೆ, ಇದೆಲ್ಲ ಅವನಿಗೆ ಗೊತ್ತು. ನಿಮಗೂ ನನಗೂ ಗೊತ್ತಿಲ್ಲ. ಅವನು ಓಡಾಡುತ್ತಾನೆ, ಮಾತಾಡುತ್ತಾನೆ, ಕಮಿಷನ್ ತಗೊಳ್ಳುತ್ತಾನೆ. ತಗೊಳ್ಳಲಿ.

ನಾನು ಬೋಟುಗಳ ಇನ್ಶೂರೆನ್ಸ್ ಸರ್ವೆ ಮಾಡುತ್ತಿದ್ದವನು. ಅಳಿವೆಯಲ್ಲಿ ಮಗುಚಿದ ಬೋಟು, ಬೆಂಕಿ ಹಿಡಿದ ಬೋಟು, ಬಂಡೆಗೆ ಬಡಿದ ಬೋಟು, ಎಲ್ಲ ನೋಡಿದ್ದೇನೆ. ಆದರೆ ಮಾರಿದ ಬೋಟು ಕೊಡುವಷ್ಟು ತಲೆನೋವನ್ನು ಮುಳುಗಿದ ಬೋಟೂ ಕೊಟ್ಟದ್ದಿಲ್ಲ. ಅದಕ್ಕೇ ಒಂದು ಮಾತನ್ನು ಇವತ್ತು ಮೂರು ನಾಲ್ಕು ಸಲ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಬೋಟು ನಿಮ್ಮದೇ. ಹಣ ಕೈಗೆ ಬಂದಿರಲಿ, ಬೋಟು ಕಣ್ಣಿಂದ ದೂರ ಹೋಗಿರಲಿ, ಹೆಸರು ಬದಲಾಗಿಲ್ಲವೋ, ಬೋಟು ನಿಮ್ಮದೇ.

ಒಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ, ಅಣ್ಣ ಅಂತ ಕರೆಯೋಣ. ಇಲ್ಲೇ ನಮ್ಮ ಕಡೆಯವರು. ಅವರಿಗೆ ಒಂದು ಫೈಬರ್ ಬೋಟು, ಎರಡು ಔಟ್‌ಬೋರ್ಡ್ ಎಂಜಿನ್. ಒಳ್ಳೆಯ ಬೋಟು. ಉಬ್ಬಸ ಜಾಸ್ತಿ ಆಯಿತು, ಡಾಕ್ಟರು ಕಡಲಿಗೆ ಹೋಗಬೇಡಿ ಎಂದರು. ಒಂದು ಸಂಜೆ ದಲ್ಲಾಳಿ ಮನೆಗೆ ಬಂದ. ಕೂತ, ಚಾ ಕುಡಿದ. ಕುಡಿದು ಹೇಳಿದ: "ಅಣ್ಣಾ, ನಿಮಗೆ ಕೈಗೆ ಎಷ್ಟು ಸಿಗಬೇಕು, ಅಷ್ಟು ಹೇಳಿ. ಮತ್ತೆ ಮಿಕ್ಕಿದ್ದು ನನಗೆ ಬಿಡಿ."

ಈ ಮಾತು ಕೇಳಿದ ಕೂಡಲೇ ನೀವು ಎದ್ದು ನಿಲ್ಲಬೇಕು ಮಾರಾಯ್ರೇ! ಅಣ್ಣ ಎದ್ದು ನಿಲ್ಲಲಿಲ್ಲ. ನಾಲ್ಕು ಲಕ್ಷ ಸಿಕ್ಕಿದರೆ ಸಾಕು ಎಂದರು. ಎರಡು ದಿನ ಬಿಟ್ಟು ದಲ್ಲಾಳಿ ಸ್ಟಾಂಪ್ ಪೇಪರ್ ಹಿಡಿದುಕೊಂಡು ಬಂದ. ಬರೆದದ್ದು ಮಲಯಾಳದಲ್ಲಿ. ಅಣ್ಣ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಲು ನೀರು ಕುಡಿದ ಹಾಗೆ ಬರುತ್ತದೆ, ಓದಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಸ್ಥಿತಿ ಇದೇ ಅಲ್ವಾ? ಅದರ ಜೊತೆ ಎರಡು ಖಾಲಿ ಹಾಳೆ ಬೇರೆ. "ಇದೆಂತಕ್ಕೆ?" ಎಂದರೆ, "ಟ್ರಾನ್ಸ್‌ಫರಿಗೆ ಬೇಕಾಗ್ತದೆ ಅಣ್ಣಾ." ಒಳಗಿಂದ ಅವರ ಹೆಂಡತಿ, ಅಕ್ಕ ಅಂತ ಕರೆಯೋಣ, ಕೇಳಿದರು, "ಅದರಲ್ಲಿ ಎಂತ ಬರೆದದ್ದು, ಒಮ್ಮೆ ಓದಿಸಬಾರದಾ?" ಅಣ್ಣ, "ನೀನು ಚಾ ತಾ" ಎಂದರು. ಮೂರಕ್ಕೂ ಸಹಿ ಹಾಕಿದರು.

ಬೋಟು ಲಾರಿ ಹತ್ತಿ ತೆಂಕು ದಿಕ್ಕಿಗೆ ಹೋಯಿತು. ಕೊಂಡವನು ಯಾರು? ಅಣ್ಣನಿಗೆ ಗೊತ್ತಿಲ್ಲ. ಊರು ಯಾವುದು? ಕಣ್ಣೂರಿನಿಂದ ಆಚೆ ಎಲ್ಲೋ. ಹಣ ಕಂತಿನಲ್ಲಿ ಬಂತು, ಎಲ್ಲ ನಗದು. ಮೂರೂವರೆ ಲಕ್ಷ ಬಂತು. ಉಳಿದ ಐವತ್ತು ಸಾವಿರ "ಹೆಸರು ಬದಲಾದ ಮೇಲೆ" ಎಂದ ದಲ್ಲಾಳಿ. ಹೆಸರು ಬದಲು ಮಾಡುವುದು ಯಾರು? ಅದನ್ನು ಯಾರೂ ಮಾತಾಡಲಿಲ್ಲ.

ಮಳೆಗಾಲ ಕಳೆಯಿತು, ನವರಾತ್ರಿ ಕಳೆಯಿತು. ಒಂದು ಬೆಳಿಗ್ಗೆ ಅಣ್ಣನಿಗೆ ಫೋನ್. "ನಿಮ್ಮ ಬೋಟು ಹಿಡಿದಿದ್ದೇವೆ. ಲೈಟ್ ಫಿಶಿಂಗ್ ಕೇಸು. ಆಫೀಸಿಗೆ ಬನ್ನಿ." ಅಣ್ಣ ಆ ಹೊತ್ತಿಗೆ ಜಗಲಿಯಲ್ಲಿ ಕೂತು ಇನ್‌ಹೇಲರ್ ಎಳೆಯುತ್ತಿದ್ದರು! "ನನ್ನ ಬೋಟಾ? ನಾನು ಮಾರಿ ಎಷ್ಟು ಸಮಯ ಆಯಿತು" ಎಂದರು. ಆಚೆಯಿಂದ ಒಂದೇ ಪ್ರಶ್ನೆ: "ಕಾಗದ ಉಂಟಾ?"

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಲ್‌ಇಡಿ ಲೈಟು, ಜನರೇಟರ್ ಇಟ್ಟುಕೊಂಡು ರಾತ್ರಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಕೇರಳದಲ್ಲಿ ಕಡಲ ಮೀನುಗಾರಿಕೆಗೆ ಬೇರೆಯೇ ಕಾಯಿದೆ ಉಂಟು, 1980ರದ್ದು. ನಿಯಮ ಮುರಿದ ಬೋಟಿಗೆ 2.5 ಲಕ್ಷದವರೆಗೂ ದಂಡ ಬಿದ್ದದ್ದನ್ನು ನೀವೇ ಪತ್ರಿಕೆಯಲ್ಲಿ ಓದಿರುತ್ತೀರಿ. ಹಿಡಿದವರು ಮೊದಲು ನೋಡುವುದು ಬೋಟಿನ ಮೈಮೇಲಿನ ನಂಬರು. ಐಎನ್‌ಡಿ ಕೆಎಲ್ ಎಂದು ಶುರುವಾಗುತ್ತದಲ್ಲ, ಅದೇ. ಆ ನಂಬರು ಯಾರ ಹೆಸರಲ್ಲಿ ಉಂಟೋ ಅವರಿಗೆ ಫೋನ್. ಅವರು ನೀವು ಹಣ ತಗೊಂಡಿರಾ ಬಿಟ್ಟಿರಾ ಅಂತ ಯಾಕೆ ನೋಡಬೇಕು? ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಬೋಟು ನಿಮ್ಮದೇ.

ಸರಿ, ಅಣ್ಣನ ಕಥೆಗೆ ಬರೋಣ. ದಲ್ಲಾಳಿಯ ಫೋನ್ ಸ್ವಿಚ್ ಆಫ್. ಅಣ್ಣನ ಕೈಯಲ್ಲಿ ಇದ್ದದ್ದು ಹಣದ ಲೆಕ್ಕ ಬರೆದ ಒಂದು ಚೀಟಿ, ಶಾಲೆ ಪುಸ್ತಕದಿಂದ ಹರಿದದ್ದು. ಆಫೀಸಿಗೆ ಹೋಗಿ ಬಂದರು, ವಕೀಲರನ್ನು ಕಂಡರು, ಉಬ್ಬಸ ಇನ್ನೂ ಜಾಸ್ತಿ ಮಾಡಿಕೊಂಡರು. ಆಮೇಲೆ ಒಂದು ದಿನ ಮನೆ ಬಾಗಿಲಿಗೆ ಒಬ್ಬ ಅಪರಿಚಿತ ಬಂದ. ಅವನೇ ಬೋಟು ಕೊಂಡವನು! ಬೋಟು ಬಿಡಿಸಿಕೊಳ್ಳಲು ದಾಖಲೆಯಲ್ಲಿರುವ ಮಾಲೀಕರ ಸಹಿ ಬೇಕಲ್ಲ, ಅದಕ್ಕೆ ಹುಡುಕಿಕೊಂಡು ಬಂದಿದ್ದ. ಮಾತಿಗೆ ಮಾತು ಬಂದು ಅವನೆಂದ, "ಐದೂವರೆ ಲಕ್ಷ ಕೊಟ್ಟು ಈ ತಲೆನೋವು ತಗೊಂಡೆ."

ಐದೂವರೆ ಲಕ್ಷ. ಅಣ್ಣನಿಗೆ ಸಿಕ್ಕಿದ್ದು ಮೂರೂವರೆ.

ಅಕ್ಕ ಆಗ ಹೊರಗೆ ಬಂದರು. "ಮೊದಲು ಹೆಸರು ಬದಲಿಸುವ ಅರ್ಜಿ ಹಾಕಿ, ದಂಡ ನೀವು ಕಟ್ಟಿ. ಆಮೇಲೆ ಇವರ ಸಹಿ" ಎಂದರು. ಹಾಗೆಯೇ ಆಯಿತು. ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಬೋಟು ಮಾರುವ ಕೆಲಸವನ್ನು ಮೊದಲೇ ಅಕ್ಕನಿಗೆ ಕೊಡಬೇಕಿತ್ತು.

ನೋಡಿ, ಕಥೆ ಉದ್ದ ಆಯಿತು. ಈಗ ಬೇಗ ಬೇಗ ಹೇಳುತ್ತೇನೆ. ಪೆನ್ನು ಇದ್ದರೆ ಬರೆದುಕೊಳ್ಳಿ.

ದಲ್ಲಾಳಿಯ ಜೊತೆ ಒಂದು ಕರಾರು ಬರೆಯಿಸಿ. ಒಂದು ಪುಟ ಸಾಕು. ಕನ್ನಡದಲ್ಲೇ ಬರೆಯಿಸಿ, ಯಾರೂ ಬೇಡ ಅನ್ನುವುದಿಲ್ಲ. ಕೊಂಡವನ ಜೊತೆಗಿನ ಕಾಗದ ಮಲಯಾಳದಲ್ಲಿದ್ದರೆ ಓದಲು ಬರುವ ಮಗಳೋ ಸೊಸೆಯೋ ಗಟ್ಟಿಯಾಗಿ ಓದಲಿ, ಆಮೇಲೆ ಸಹಿ. ಖಾಲಿ ಹಾಳೆಗೆ ಸಹಿ ಯಾವತ್ತೂ ಇಲ್ಲ. ದಲ್ಲಾಳಿ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಆ ಪುಟದಲ್ಲಿ ಏನಿರಬೇಕು? ಬೋಟಿನ ಬೆಲೆ. ನಿಮ್ಮ ಕೈಗೆ ಎಷ್ಟು ಅಂತ ಬರೆಯಬೇಡಿ, ಕೊಳ್ಳುವವನು ಕೊಡುವ ಪೂರ್ತಿ ಬೆಲೆ ಬರೆಯಿರಿ. ಕಮಿಷನ್ ನೂರಕ್ಕೆ ಎಷ್ಟು, ಅದನ್ನು ಯಾರು ಕೊಡುವುದು, ಯಾವಾಗ ಕೊಡುವುದು. ಯಾವಾಗ ಅನ್ನುವುದು ಮುಖ್ಯ. ಹೆಸರು ಬದಲಾದ ಮೇಲೆ ಎಂದು ಬರೆಯಿಸಿ. ಆಗ ಹೆಸರು ಬದಲಿಸಲು ದಲ್ಲಾಳಿಯೇ ಓಡಾಡುತ್ತಾನೆ, ನೀವು ಫೋನ್ ಮಾಡಿ ಮಾಡಿ ಸುಸ್ತಾಗಬೇಕಿಲ್ಲ. ಎಷ್ಟು ತಿಂಗಳ ಮಟ್ಟಿಗೆ ಅವನಿಗೆ ಕೊಟ್ಟದ್ದು, ಆ ಹೊತ್ತಿನಲ್ಲಿ ನೀವೇ ಗಿರಾಕಿ ತಂದರೆ ಕಮಿಷನ್ ಉಂಟಾ ಇಲ್ಲವಾ, ಇದೂ ಇರಲಿ. ಈ ಕೊನೆಯದಕ್ಕೆ ಆಮೇಲೆ ಜಗಳ ಆಗುವುದು ಜಾಸ್ತಿ.

ಕೆಲವರು ನನ್ನ ಹತ್ತಿರ, "ಸಾರ್, ಅವ ನಮ್ಮ ಊರಿನವನೇ, ಕರಾರು ಎಂತಕ್ಕೆ?" ಎನ್ನುತ್ತಾರೆ. ಊರಿನವನಾದರೆ ಇನ್ನೂ ಒಳ್ಳೆಯದಾಯಿತು, ಕೂತು ಬರೆಯಲು ದೂರ ಹೋಗಬೇಕಿಲ್ಲ! ಕಾನೂನೂ ನಿಮ್ಮ ಕಡೆಗೇ ಉಂಟು. 1872ರ ಕರಾರು ಕಾಯಿದೆ ಹಳೆಯದು, ಆದರೆ ಇವತ್ತಿಗೂ ನಡೆಯುತ್ತದೆ. ನಿಮ್ಮ ಪರವಾಗಿ ಕೆಲಸ ಮಾಡುವವನು ನಿಮಗೆ ಲೆಕ್ಕ ಕೊಡಬೇಕು, ನಿಮ್ಮ ಹಣ ನಿಮಗೆ ಮುಟ್ಟಿಸಬೇಕು ಎಂದು ಅದರಲ್ಲಿ ಉಂಟು. ನಿಮಗೆ ತಿಳಿಸದೆ ತಾನೇ ಕೊಂಡು ಮಾರಿ ಲಾಭ ಮಾಡಿಕೊಂಡರೆ, ಆ ಲಾಭವನ್ನು ನೀವು ಕೇಳಬಹುದು. ಕೇಳಲು ಕೈಯಲ್ಲಿ ಕಾಗದ ಇರಬೇಕು, ಅಷ್ಟೇ.

ಹಣ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ, ದಲ್ಲಾಳಿಯ ಖಾತೆಗೆ ಅಲ್ಲ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳಬಾರದು ಎಂದು ಆದಾಯ ತೆರಿಗೆ ಕಾನೂನು 2017ರಿಂದ ಹೇಳುತ್ತಿದೆ. ಕಂತು ಮಾಡಿ ತಗೊಂಡರೂ ಅದು ಒಂದೇ ವ್ಯವಹಾರ. ದಂಡ ಕೊಟ್ಟವನಿಗಲ್ಲ, ತಗೊಂಡವನಿಗೆ. ಅಂದರೆ ನಿಮಗೆ. ತಗೊಂಡಷ್ಟೇ ದಂಡವೂ ಬೀಳಬಹುದು.

ಇನ್ನು ಹೆಸರು ಬದಲಿಸುವುದು. ಮೀನುಗಾರಿಕೆ ಬೋಟಿನ ನೋಂದಣಿ ಈಗ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ, ಮೀನುಗಾರಿಕಾ ಇಲಾಖೆಯ ಮೂಲಕ. ಕಂಪ್ಯೂಟರ್ ಬರದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ, ಅಂದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕಡೆಗೆ ಹೋಗಿ. ಆರ್‌ಸಿ, ಲೈಸೆನ್ಸ್, ಎಂಜಿನಿನ ಬಿಲ್ಲು, ಗುರುತಿನ ಚೀಟಿ ಒಂದೇ ಫೈಲಿನಲ್ಲಿ ಇರಲಿ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಸಾಲ ಇದ್ದರೆ ತೀರಿಸಿ, ತೀರಿದೆ ಎಂಬ ಕಾಗದ ತಗೊಳ್ಳಿ. ಗುಂಪಿನ ಹೆಸರಿನಲ್ಲಿ ತಗೊಂಡ ಬೋಟಾದರೆ ಗುಂಪಿನ ಎಲ್ಲರ ಸಹಿ ಬೇಕು. ನಾನೇ ಲೀಡರ್ ಅಂತ ಒಬ್ಬರೇ ಮಾರಲು ಹೊರಡಬೇಡಿ. ತಲಪಾಡಿ ದಾಟಿ ಕರ್ನಾಟಕಕ್ಕೆ ಮಾರುವುದಾದರೆ ಇಲ್ಲಿನ ಇಲಾಖೆಯ ಎನ್‌ಒಸಿ, ಅಂದರೆ ಅಡ್ಡಿ ಇಲ್ಲ ಎಂಬ ಪತ್ರ, ಇಲ್ಲದೆ ಬೋಟು ಕಳಿಸಬೇಡಿ. ಸೀಮೆ ಎಣ್ಣೆ ಪರ್ಮಿಟ್ ಇದ್ದರೆ ಅದನ್ನೂ ಬೋಟಿನ ಜೊತೆ ಸುಮ್ನೆ ಕೊಟ್ಟು ಕಳಿಸಬೇಡಿ, ಆಫೀಸಿನಲ್ಲಿ ಕೇಳಿ.

ಬೋಟು ಕೊಡುವ ದಿನ ಒಂದು ರಶೀದಿ ಮಾಡಿ. ಇಂಥ ತಾರೀಕು, ಇಷ್ಟು ಗಂಟೆಗೆ, ಇಂಥವರಿಗೆ ಬೋಟು ಕೊಟ್ಟದ್ದು. ಎಂಜಿನ್ ನಂಬರ್ ಬರೆಯಿರಿ. ಕೊಂಡವನ ಆಧಾರ್ ಪ್ರತಿ ಇಟ್ಟುಕೊಳ್ಳಿ. ದಲ್ಲಾಳಿಯದ್ದಲ್ಲ, ಕೊಂಡವನದ್ದು. ಆದರೆ ರಶೀದಿ ಉಂಟಲ್ಲ ಅಂತ ನಿದ್ದೆ ಮಾಡಬೇಡಿ. ಹೆಸರು ಬದಲಾಗುವವರೆಗೆ ಬೋಟು ನಿಮ್ಮದೇ.

ಬೆಲೆಯ ಬಗ್ಗೆ ತುಂಬ ಹೇಳಬೇಕೆಂದಿದ್ದೆ, ಸಮಯ ಇಲ್ಲ. ಇಷ್ಟು ಕೇಳಿ. ಟ್ರಾಲಿಂಗ್ ಅಂದರೆ ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವುದು. ಕೇರಳದಲ್ಲಿ ಅದಕ್ಕೆ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಆಗ ಟ್ರಾಲ್ ಬೋಟು ಮಾರಲು ಹೊರಟರೆ ಕೊಳ್ಳುವವನು ಕಾಲ ಮೇಲೆ ಕಾಲು ಹಾಕಿ ಚೌಕಾಸಿ ಮಾಡುತ್ತಾನೆ. ಸಣ್ಣ ಫೈಬರ್ ಬೋಟಿನ ಮಾತು ಬೇರೆ, ಸಾಂಪ್ರದಾಯಿಕ ಮೀನುಗಾರರಿಗೆ ಆ ನಿಷೇಧ ಇಲ್ಲ. ಮಾರುವ ಮೊದಲು ಎಂಜಿನನ್ನು ಸಿಹಿ ನೀರಿನಲ್ಲಿ ಓಡಿಸಿ ಉಪ್ಪು ತೆಗೆಯಿರಿ. ಫೈಬರಿನ ಬಿರುಕನ್ನು ಪೇಂಟ್ ಬಳಿದು ಮುಚ್ಚಬೇಡಿ. ತಿಳಿದವರು ನಾಣ್ಯದಿಂದ ತಟ್ಟಿ ನೋಡುತ್ತಾರೆ, ಒಳಗೆ ಪದರ ಬಿಟ್ಟ ಕಡೆ ಸದ್ದೇ ಬೇರೆ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೇಳಿದ್ದನ್ನು ಕರಾರಿನಲ್ಲೂ ಬರೆಯಿರಿ. ಕಡಲಿಗಿಳಿಸಿ ತೋರಿಸುವ ದಿನ ನೀವೂ ಬೋಟಿನಲ್ಲಿ ಇರಿ. ದಲ್ಲಾಳಿ ಒಬ್ಬನನ್ನೇ ಕಳಿಸಬೇಡಿ.

ನೀಲೇಶ್ವರ, ವಲಿಯಪರಂಬ ಕಡೆ ಹೌಸ್‌ಬೋಟು ಇಟ್ಟುಕೊಂಡವರು ಕೇಳುತ್ತಿದ್ದರೆ, ನಿಮ್ಮ ದಾರಿ ಬೇರೆ. ಅದು ಒಳನಾಡಿನ ನೀರಿನ ಹಡಗು, 2021ರ ಕಾಯಿದೆಯ ಕೆಳಗೆ ಬರುತ್ತದೆ. ನೋಂದಣಿಗೆ ಕೇರಳ ಮಾರಿಟೈಮ್ ಬೋರ್ಡಿಗೆ ಹೋಗಬೇಕು. ಆಫೀಸು ಬೇರೆ, ಮಾತು ಅದೇ, ಹೆಸರು ಬದಲಾಗುವವರೆಗೆ ಬೋಟು ನಿಮ್ಮದೇ.

ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಇನ್ಶೂರೆನ್ಸ್ ಬಗ್ಗೆ ಮಾತಾಡಲೆಂದೇ ನನ್ನನ್ನು ಕರೆಸಿದ್ದು, ಅದಕ್ಕೇ ಜಾಗ ಉಳಿಯಲಿಲ್ಲ! ಒಂದೇ ಮಾತು: ಬೋಟು ಮಾರಿದ ಸುದ್ದಿಯನ್ನು ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ತಿಳಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಅಲ್ಲಿ ಯಾರೂ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ನಮಸ್ಕಾರ.